ಬರ್ಲಿನ್ ನೆಲದಡಿಯ ದಪ್ಪ ಅಕ್ಷರಗಳು

ಬರ್ಲಿನ್ ಗೋಡೆ, ಬ್ರಾಂಡೆನ್‌ಬರ್ಗ್ ಗೇಟ್, ಪಾರ್ಲಿಮೆಂಟಿನ ಗಾಜಿನ ಗುಮ್ಮಟ ಎಲ್ಲಾ ನೋಡಿದೆವು. ಚೆನ್ನಾಗಿವೆ. ಅವುಗಳ ಫೋಟೋ ಯಾರಾದರೂ ನಿಮಗೂ ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ರೈಲ್ವೆ ಸ್ಟೇಷನ್ನಿನ ಬೋರ್ಡು.

ಊರಿನ ಉತ್ತರದಿಂದ ದಕ್ಷಿಣಕ್ಕೆ ನೆಲದಡಿಯಲ್ಲಿ ಎಸ್-ಬಾನ್ ಲೋಕಲ್ ರೈಲಿನ ಸುರಂಗ ಇದೆ. ಮೊದಲ ಭಾಗ 1936ರಲ್ಲಿ, ಒಲಿಂಪಿಕ್ಸ್ ಹೊತ್ತಿಗೆ ಶುರುವಾಯಿತು. ಉಳಿದದ್ದು 1939ಕ್ಕೆ ಮುಗಿಯಿತು. ಆ ದಾರಿಯಲ್ಲಿ ಒರಾನಿಯನ್‌ಬುರ್ಗರ್ ಸ್ಟ್ರಾಸೆ ಅಂತ ಒಂದು ಸ್ಟೇಷನ್. ರೈಲು ನಿಂತಾಗ ಕಿಟಕಿಯಾಚೆ ಆ ಹೆಸರು ಕಂಡಿತು. ನಮ್ಮ ಸ್ಟಾಪ್ ಅಲ್ಲ, ಆದರೂ ಎದ್ದು ಇಳಿದೆ. "ಏನ್ರೀ, ಇಲ್ಯಾಕೆ?" ಅನ್ನುತ್ತಲೇ ಹೆಂಡತಿಯೂ ಇಳಿದಳು.

ಬೋರ್ಡಿನ ಮೇಲಿದ್ದದ್ದು ಬ್ಲ್ಯಾಕ್‌ಲೆಟರ್, ಅಂದರೆ ಯುರೋಪಿನ ಹಳೇ ಕಾಲದ ದಪ್ಪ, ಮೊನಚು ಮೂಲೆಯ ಬರಹ ಅನ್ನುತ್ತಾರಲ್ಲ, ಆ ಜಾತಿಯ ಅಕ್ಷರ. ಇದರ ದಾಯಾದಿ 'ಓಲ್ಡ್ ಇಂಗ್ಲಿಷ್' ನಮ್ಮೂರಿನ ಸರ್ಟಿಫಿಕೇಟುಗಳ ಮೇಲೂ ಇರುತ್ತದೆ, ಮೆಟಲ್ ಬ್ಯಾಂಡಿನ ಹುಡುಗರ ಟೀ ಶರ್ಟಿನ ಮೇಲೂ ಇರುತ್ತದೆ. ಅದಕ್ಕೆ ಬಳುಕು, ಕೊಂಕು, ಕೂದಲೆಳೆಯ ಗೆರೆ ಎಲ್ಲಾ ಉಂಟು. ಇಲ್ಲಿ ಅದ್ಯಾವುದೂ ಇಲ್ಲ. ಗೆರೆಗಳೆಲ್ಲ ದಪ್ಪ, ನೆಟ್ಟಗೆ, ತಲೆ ಮತ್ತು ಕಾಲು ಓರೆಯಾಗಿ ಕತ್ತರಿಸಿದ್ದು. ಎನ್, ಐ, ಯು ಅಕ್ಕಪಕ್ಕ ಬಂದರೆ ಬೇಲಿ ಗೂಟ ನೆಟ್ಟ ಹಾಗೆ. ಯಾವ ಗೂಟ ಯಾವ ಅಕ್ಷರದ್ದು ಅಂತ ಹುಡುಕಬೇಕು. ಓಡುವ ರೈಲಿನಿಂದ ಓದಬೇಕಾದ ಬೋರ್ಡಿಗೆ ಇದು ಲಾಯಕ್ಕಲ್ಲ ಅಂತಲೇ ನನ್ನ ಅಭಿಪ್ರಾಯ. ಗತ್ತು ಮಾತ್ರ ಜಾಸ್ತಿ.

ಈ ಶೈಲಿಯಲ್ಲಿ ಹೆಸರು ಮಾಡಿದ್ದು ಟಾನೆನ್‌ಬರ್ಗ್. 1930ರ ದಶಕದಲ್ಲಿ ಎರಿಕ್ ಮೇಯರ್ ಎಂಬುವರು ಬರೆದ ಅಕ್ಷರ, ಸ್ಟೆಂಪೆಲ್ ಕಾರ್ಖಾನೆ ಎರಕ ಹೊಯ್ದ ಅಚ್ಚುಮೊಳೆ. ಇಂಥ ಅಕ್ಷರಗಳಿಗೆ ಆಮೇಲಿನ ಜರ್ಮನ್ ಮುದ್ರಕರು ಸಿಪಾಯಿ ಬೂಟಿನ ಹೆಸರಿಟ್ಟು ಆಡಿಕೊಂಡರು. ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಮೇಲೆ ಹತ್ತಿ, ನಡೆದುಕೊಂಡೇ ಬೋಡೆ ಮ್ಯೂಸಿಯಂ ಹತ್ತಿರದ ಹಳೇ ಪುಸ್ತಕದ ಸಂತೆಗೆ ಹೋದೆವು. ಅಲ್ಲಿ ಒಬ್ಬ ಅಜ್ಜಿ, ಎಂಬತ್ತು ದಾಟಿರಬೇಕು. ಅವರ ಟೇಬಲ್ ಮೇಲೆ ಅದೇ ಜಾತಿ ಅಕ್ಷರದ ಒಂದು ಪ್ರಾರ್ಥನಾಗೀತೆಗಳ ಪುಸ್ತಕ. ನಾನು ಇಸವಿ ಹುಡುಕುತ್ತಿದ್ದೆ.

"ಇಸವಿ ಯಾಕೆ ಬೇಕು?" ಅಂದರು ಇಂಗ್ಲಿಷಿನಲ್ಲಿ. "ಈ ಅಕ್ಷರ ಇದೆ ಅಂದರೆ 1941ಕ್ಕಿಂತ ಹಳೇದು ಅಂತ ಹೆಚ್ಚು ಕಡಿಮೆ ಹೇಳಬಹುದು."

"ಅಂದರೆ ಹಿಟ್ಲರ್ ಕಾಲದ್ದಾ?"

ಜೋರಾಗಿ ನಕ್ಕರು. "ಎಲ್ಲರೂ ಇದನ್ನೇ ಕೇಳುತ್ತಾರೆ. ನಿಲ್ಲಿಸಿದ್ದೇ ಅವನು!"

ನಾನು ನಂಬಲಿಲ್ಲ. ಸಿನಿಮಾದಲ್ಲಿ ನಾಜಿ ಆಫೀಸು ತೋರಿಸಬೇಕಾದರೆ ಬಾಗಿಲ ಮೇಲೆ ಇದೇ ಅಕ್ಷರ ಅಲ್ವಾ? ಅವರು ಸ್ಟೂಲ್ ಎಳೆದು ನನ್ನನ್ನು ಕೂರಿಸಿದರು. ಮೊದಮೊದಲು ಪಕ್ಷದವರು ಇದನ್ನು ಅಪ್ಪಟ ಜರ್ಮನ್ ಅಂತ ಮೆರೆಸಿದ್ದು ನಿಜ. ಆಮೇಲೆ 1941ರ ಜನವರಿ 3ರಂದು ನಾಜಿ ಪಕ್ಷದ ದೊಡ್ಡ ಅಧಿಕಾರಿ ಮಾರ್ಟಿನ್ ಬೋರ್ಮನ್ ಸಹಿಯ ಒಂದು ಸುತ್ತೋಲೆ ಬಂತು: ಇವು ಯಹೂದಿಗಳ ಅಕ್ಷರಗಳು, ಇನ್ನು ಮುಂದೆ ರೋಮನ್ ಲಿಪಿಯೇ ಬಳಕೆಯಲ್ಲಿರಬೇಕು. ತಲೆಬುಡವಿಲ್ಲದ ಸುಳ್ಳು. ಇದಕ್ಕಿಂತ ತಮಾಷೆ ಅಂದರೆ, ಆ ಸುತ್ತೋಲೆಯ ಕಾಗದದ ನೆತ್ತಿಯ ಮೇಲೆ ಪಕ್ಷದ ಹೆಸರು ಅಚ್ಚಾಗಿದ್ದದ್ದು ಇದೇ ಜಾತಿಯ ಅಕ್ಷರದಲ್ಲಿ! ಜರ್ಮನಿ ಗೆದ್ದುಕೊಂಡ ದೇಶಗಳ ಜನಕ್ಕೆ ಇದು ಓದೋಕೆ ಬರುತ್ತಿರಲಿಲ್ಲ, ನಿಜವಾದ ಕಾರಣ ಅದೇ ಇರಬೇಕು ಅನ್ನುತ್ತಾರೆ ಇತಿಹಾಸಕಾರರು.

"ಹಳೇ ಶೈಲಿಯ ಜರ್ಮನ್ ಕೈಬರಹವೂ ಅದೇ ವರ್ಷ ಹೋಯಿತು," ಅಂದರು ಅಜ್ಜಿ. "ನಾನು ಶಾಲೆಗೆ ಸೇರುವ ಹೊತ್ತಿಗೆ ಹೊಸ ಅಕ್ಷರ. ಅಮ್ಮ ಅಪ್ಪನಿಗೆ ಬರೆದ ಕಾಗದಗಳು ಮನೆಯಲ್ಲಿವೆ. ನನಗೆ ಓದೋಕೆ ಬರಲ್ಲ. ದುಡ್ಡು ಕೊಟ್ಟು ಓದಿಸಿದೆ." ಏನಿತ್ತು ಅಂತ ಕೇಳಿದೆ. "ಆಲೂಗಡ್ಡೆ ರೇಟು," ಅಂದರು.

ಪುಸ್ತಕ ತಗೊಂಡೆ. ಚೌಕಾಸಿ ಮಾಡಲಿಲ್ಲ.

ವಾಪಸ್ ಬರುವಾಗ ಅದೇ ಒರಾನಿಯನ್‌ಬುರ್ಗರ್ ಬೀದಿಯಲ್ಲಿ ಚಿನ್ನದ ಗುಮ್ಮಟದ ನ್ಯೂ ಸಿನಗಾಗ್ ಕಂಡಿತು. 1866ರದ್ದು. 1938ರ ನವೆಂಬರಿನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟ ರಾತ್ರಿ ವಿಲ್ಹೆಲ್ಮ್ ಕ್ರುಟ್ಸ್‌ಫೆಲ್ಟ್ ಎಂಬ ಪೊಲೀಸ್ ಅಧಿಕಾರಿ ಅಡ್ಡ ನಿಂತು ಇದನ್ನು ಉಳಿಸಿದರು. 1943ರಲ್ಲಿ ಬಾಂಬ್ ಬಿದ್ದು ಹಾಳಾಯಿತು. ಈಗಿರುವ ಮುಂಭಾಗ, ಗುಮ್ಮಟ ಆಮೇಲೆ ರಿಪೇರಿ ಮಾಡಿದ್ದು. ಯಹೂದಿಗಳದ್ದು ಅಂತ ಶಾಪ ಹಾಕಿದ ಅಕ್ಷರ ಸುರಂಗದಲ್ಲಿ ಹಾಗೇ ಉಳಿದಿದೆ, ಸ್ವಲ್ಪ ದೂರದಲ್ಲೇ ಈ ಗುಮ್ಮಟ. ಗೇಟಿನ ಮುಂದೆ ಈಗಲೂ ಪೊಲೀಸ್ ಕಾವಲು.

ಮೈಂಟ್ಸ್ ಊರಿಗೂ ಹೋಗಿ, ಯುರೋಪಿನಲ್ಲಿ ಅಚ್ಚುಮೊಳೆ ಮುದ್ರಣ ಶುರುಮಾಡಿದ ಗುಟೆನ್‌ಬರ್ಗ್‌ನ, ಪುಟಕ್ಕೆ 42 ಸಾಲಿನ ಬೈಬಲ್ ನೋಡಿದೆವು. 1455ರ ಸುಮಾರಿನದು. ಅದೂ ಬ್ಲ್ಯಾಕ್‌ಲೆಟರೇ, ಆದರೆ ಎಂಥ ಅಚ್ಚುಕಟ್ಟು! ಅದನ್ನು ನೋಡಿದ ಮೇಲೆ ಸ್ಟೇಷನ್ ಬೋರ್ಡು ಒರಟು ಅನಿಸಿತು. ಮಿಕ್ಕ ದಿನಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಮಳೆ.

ಒಂದು ಮಾತ್ರ ಹೇಳಲೇಬೇಕು. ಈ ಅಕ್ಷರ ಈಗ ಜಾಸ್ತಿ ಕಾಣುವುದು ಬಿಯರ್ ಲೇಬಲ್ ಮೇಲೆ, ಹಳೇ ಹೋಟೆಲ್‌ಗಳ ಬೋರ್ಡಿನ ಮೇಲೆ. ಅಂಥದ್ದೇ ಒಂದು ಹೋಟೆಲ್‌ಗೆ ಊಟಕ್ಕೆ ಹೋದೆವು. ಮೆನು ಕಾರ್ಡೂ ಅದೇ ಅಕ್ಷರದಲ್ಲಿ. ಬಿಲ್ ಬಂದಾಗ ಕಾರ್ಡ್ ತೆಗೆದರೆ ಆಗಲ್ಲ ಅಂದರು. ಮೆನುವಿನ ಬುಡದಲ್ಲಿ ಬರೆದಿದೆಯಂತೆ: ನಗದು ಮಾತ್ರ. ಇರುವೆ ಸೈಜಿನ ಆ ಸಾಲನ್ನು ಯಾವ ಪರದೇಶಿ ಓದುತ್ತಾನೆ ಹೇಳಿ! ಹೆಂಡತಿಯನ್ನು ಟೇಬಲ್ ಹತ್ತಿರ ಒತ್ತೆ ಇಟ್ಟು, ಮಳೆಯಲ್ಲಿ ಎಟಿಎಂ ಹುಡುಕಿದೆ. ಅದು ತನ್ನ ಕಮಿಷನ್ ಬೇರೆ ಕಿತ್ತುಕೊಂಡಿತು. ಜರ್ಮನಿಗೆ ಹೋಗುವವರು ಜೇಬಿನಲ್ಲಿ ನೋಟು ಇಟ್ಟುಕೊಳ್ಳಿ. ಬೋರ್ಡು ಬ್ಲ್ಯಾಕ್‌ಲೆಟರ್‌ನಲ್ಲಿದ್ದರೆ ಕೂರುವ ಮೊದಲೇ ಕೇಳಿ.