ಧಾರವಾಡದಲ್ಲಿ ಬಂಗಾಳದ ಸರಸ್ವತಿ ಪೂಜೆ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಬಂಗಾಳಿ ದಂಪತಿ ಈ ಸಲ ಮಾಘ ಶುದ್ಧ ಪಂಚಮಿಯಂದು ನಮ್ಮನ್ನು ಸರಸ್ವತಿ ಪೂಜೆಗೆ ಕರೆದಿದ್ದರು. ನಾವು ನವರಾತ್ರಿಯಲ್ಲಿ ಪುಸ್ತಕಗಳನ್ನಿಟ್ಟು ಪೂಜಿಸುವ ದೇವಿಯನ್ನು ಅವರು ವಸಂತದ ಆರಂಭದಲ್ಲಿ, ಹಳದಿ ಉಡುಗೆ ತೊಟ್ಟು, ದೌತಿ, ಲೇಖನಿ ಮತ್ತು ಮುತ್ತುಗದ ಹೂವುಗಳನ್ನಿಟ್ಟು ಆರಾಧಿಸುತ್ತಾರೆ. ಆ ಹೂವುಗಳನ್ನು ಕಲಘಟಗಿಯ ಕಡೆಯಿಂದ ನಾನೇ ತಂದುಕೊಟ್ಟೆ.

ಪೂಜೆಗೆ ಮುನ್ನ ಬಾರಿಹಣ್ಣು ತಿನ್ನಬಾರದೆಂಬುದು ಅಲ್ಲಿನ ಮಕ್ಕಳು ಪಾಲಿಸುವ ನಿಯಮ. ಸುಭಾಷ ರಸ್ತೆಯಲ್ಲಿ ಬುಟ್ಟಿಗಟ್ಟಲೆ ಹಣ್ಣು ಕಂಡರೂ ಅವರ ನಾಲ್ಕು ವರ್ಷದ ಮಗಳು ಒಂದನ್ನೂ ಮುಟ್ಟಿರಲಿಲ್ಲ, ಮತ್ತು ಹಿರಿಯರ ಎಷ್ಟೋ ವ್ರತಗಳಿಗಿಂತ ಆ ನಿಷ್ಠೆ ದೊಡ್ಡದೆಂದು ನಾನು ನಂಬುತ್ತೇನೆ. ಅಂದೇ ಅವಳ ‘ಹಾತೇಖಡಿ’, ಅಂದರೆ ಅಕ್ಷರಾಭ್ಯಾಸ. ಬಂಗಾಳಿ ಪುರೋಹಿತರು ದೊರೆಯದ ಕಾರಣ ಊರಿನಿಂದ ಅಜ್ಜನೇ ಫೋನಿನಲ್ಲಿ ಮಂತ್ರ ಹೇಳಿದರು. ಪಾಟಿಯ ಮೇಲೆ ತಂದೆ ಬಂಗಾಳಿ ಅಕ್ಷರ ಬರೆಸಿದ ಮೇಲೆ, ಮಗು ಹಟ ಹಿಡಿದಿದ್ದರಿಂದ, ನಮ್ಮ ಅವ್ವ ಕನ್ನಡದ ‘ಅ’ವನ್ನೂ ತಿದ್ದಿಸಿದಳು.