ಕನ್ನಡದಲ್ಲೊಂದು ಬೇಸ್‌ಬಾಲ್ ಸ್ಕೋರ್ ಶೀಟ್: ಮಾರ್ಚ್ 26ರ ತನಕದ ಡೈರಿ

ನವೆಂಬರ್, ಎರಡನೇ ವಾರ

ಸಿಯಾಟಲ್‌ನಲ್ಲಿ ಈಗ ಸಂಜೆ ಐದಕ್ಕೇ ಕತ್ತಲೆ. ಮಳೆ ನಮ್ಮ ತೀರ್ಥಹಳ್ಳಿಯ ಹಾಗೆ ಸುರಿದು ಮುಗಿಸುವುದಿಲ್ಲ, ಸುಮ್ನೆ ಜಿನುಗುತ್ತಾ ಕೂತಿರುತ್ತದೆ. ಬೇಸ್‌ಬಾಲ್ ಮುಗಿದಿದೆ. ನಮ್ಮ ತಂಡಕ್ಕೆ ಮುಂದಿನ ಸೀಸನ್ ಶುರುವಾಗುವುದು 2026ರ ಮಾರ್ಚ್ 26ಕ್ಕೆ, ನಮ್ಮೂರಿನ ಟಿ-ಮೊಬೈಲ್ ಪಾರ್ಕಿನಲ್ಲೇ, ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ವಿರುದ್ಧ. ನಾಲ್ಕೂವರೆ ತಿಂಗಳು ಏನು ಮಾಡುವುದು?

ನಾನು ಮ್ಯಾರಿನರ್ಸ್ ಅಭಿಮಾನಿ. ಗೊತ್ತಿಲ್ಲದವರಿಗೆ: 1977ರಿಂದ ಆಡುತ್ತಿರುವ ಸಿಯಾಟಲ್‌ನ ಬೇಸ್‌ಬಾಲ್ ತಂಡ. ಈಗಿರುವ 30 ತಂಡಗಳಲ್ಲಿ ವರ್ಲ್ಡ್ ಸೀರೀಸ್ (ಫೈನಲ್ ಸರಣಿ) ಮುಖವನ್ನೇ ನೋಡದ ಒಂದೇ ಒಂದು ತಂಡ. ಈ ಅಕ್ಟೋಬರ್ 20ರಂದು ಟೊರಾಂಟೊದಲ್ಲಿ ಅದಕ್ಕೆ ಎಂಟು ಔಟ್ ದೂರದಲ್ಲಿ ನಿಂತಿತ್ತು. ಆ ವಿಷಯ ಈಗ ಬೇಡ.

ಊರಿನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆದಾಗ ಸ್ಕೋರ್ ಬರೆಯುತ್ತಿದ್ದವನು ನಾನೇ. ಆಡಲು ಬರುತ್ತಿರಲಿಲ್ಲ, ಅಕ್ಷರ ದುಂಡಗಿತ್ತು. ಆರು ಚುಕ್ಕೆ ಇಟ್ಟು ಅವನ್ನು ಗೆರೆ ಎಳೆದು ಸೇರಿಸಿ ಮೇಡನ್ ಓವರಿನ 'ಎಂ' ಮಾಡುವ ಖುಷಿ ಬರೆದವರಿಗೇ ಗೊತ್ತು. ಇಲ್ಲಿ ಸ್ಟೇಡಿಯಮ್ಮಿನಲ್ಲಿ ಇವತ್ತಿಗೂ ಮಡಿಲಲ್ಲಿ ಹಾಳೆ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಸ್ಕೋರ್ ಬರೆಯುವವರು ಕಾಣುತ್ತಾರೆ. ಅವರನ್ನು ನೋಡಿ ಎಷ್ಟೋ ವರ್ಷದಿಂದ ಹೊಟ್ಟೆಕಿಚ್ಚು. ಈ ಚಳಿಗಾಲದಲ್ಲಿ ಕಲಿಯುವುದು ಎಂದು ನಿರ್ಧರಿಸಿದೆ. ಕಲಿಯುವುದೇ ಆದರೆ ಕನ್ನಡದಲ್ಲೇ ಒಂದು ಶೀಟ್ ಮಾಡಿಬಿಡೋಣ ಅನ್ನಿಸಿತು. ಯಾಕೆ ಎಂದು ಕೇಳಬೇಡಿ. ಹವ್ಯಾಸಕ್ಕೆ ಕಾರಣ ಬೇಕಾ?

ನವೆಂಬರ್ 23

ಮೊದಲ ಶೀಟ್ ತಯಾರು. ಫಾಂಟ್ ತುಂಗಾ. ಹೆಸರು ನೋಡಿಯೇ ಆರಿಸಿದ್ದು, ನಮ್ಮ ಹೊಳೆ.

ಸ್ಕೋರ್ ಶೀಟಿನ ಕೆಲಸ ಹೇಳಿಬಿಡುತ್ತೇನೆ. ಎಡಗಡೆ ಒಂಬತ್ತು ಬ್ಯಾಟರ್‌ಗಳ ಹೆಸರು, ಮೇಲೆ ಇನ್ನಿಂಗ್ಸ್. ಪ್ರತಿ ಚೌಕದೊಳಗೆ ಮೂಲೆ ಮೇಲಾದ ಪುಟ್ಟ ಚೌಕ ಒಂದು, ಅದೇ ಮೈದಾನ, ನಾಲ್ಕು ಮೂಲೆ ನಾಲ್ಕು ಬೇಸ್. ಬ್ಯಾಟರ್ ಎಷ್ಟು ಬೇಸ್ ಮುಟ್ಟಿದನೋ ಅಷ್ಟು ಗೆರೆ ದಪ್ಪ ಮಾಡಬೇಕು. ಸುತ್ತು ಪೂರ್ತಿ ಬಂದರೆ ಒಳಗೆ ತುಂಬಿಸಬೇಕು, ಒಂದು ರನ್. ಫೀಲ್ಡರ್‌ಗಳಿಗೆ ಹೆಸರಿಲ್ಲ, ನಂಬರ್: ಪಿಚರ್ (ಬಾಲ್ ಎಸೆಯುವವನು) 1, ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಹಾಗೆ) 2, ಮೊದಲ ಬೇಸ್ 3, ಎರಡನೇದು 4, ಮೂರನೇದು 5, ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಆಮೇಲೆ ಹಿಂದೆ ನಿಂತವರು ಎಡದಿಂದ ಬಲಕ್ಕೆ 7, 8, 9. ಬಾಲ್ ಶಾರ್ಟ್‌ಸ್ಟಾಪ್ ಕೈಗೆ ಹೋಗಿ, ಎರಡನೇ ಬೇಸಿಗೆ, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3. ಇಡೀ ಡಬಲ್ ಪ್ಲೇ ಮೂರು ಅಂಕಿಯಲ್ಲಿ ಮುಗಿಯಿತು.

ಬೀಸಿ ತಪ್ಪಿದರೂ, ಹೊಡೆಯಬಹುದಾದ ಬಾಲ್ ಬಿಟ್ಟರೂ ಒಂದು ಸ್ಟ್ರೈಕ್; ಮೂರಾದರೆ ಸ್ಟ್ರೈಕ್ ಔಟ್. ಅದಕ್ಕೆ ಇವರು 'ಕೆ' ಬರೆಯುತ್ತಾರೆ. ಈ ಪದ್ಧತಿಯ ಮೂಲಪುರುಷ ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿದವರು, ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಹಾಗಾಗಿ ಸ್ಕೋರ್ ಬರೆಯುವ ಹುಚ್ಚಿನಲ್ಲಿ ನಾವೂ ಅವರೂ ದಾಯಾದಿಗಳೇ. 'ಎಸ್' ಬೇರೆ ಕಡೆ ಖರ್ಚಾಗಿದ್ದರಿಂದ 'ಸ್ಟ್ರಕ್' ಎಂಬುದರ ಕೊನೆಯ ಅಕ್ಷರ ಹಿಡಿದರಂತೆ. ಬ್ಯಾಟ್ ಬೀಸಿ ಔಟಾದರೆ ನೇರ 'ಕೆ'. ಬೀಸದೆ ನೋಡುತ್ತಾ ನಿಂತು ಔಟಾದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ 'ಕೆ'.

ನಾನು ಜಾಣತನದಿಂದ 'ಕ' ಇಟ್ಟೆ. ತಿರುಗಿಸಿದರೆ ತಿರುಗಿಸಿದ 'ಕ'. ಬರೆದು ನೋಡಿ ನೀವೇ. ತಲೆಕಟ್ಟಿನ ತುದಿ ಬಿಟ್ಟರೆ ಏನೂ ಬದಲಾಗುವುದಿಲ್ಲ.

ನವೆಂಬರ್ 29: ಮೊದಲ ಪರೀಕ್ಷೆ

ಥ್ಯಾಂಕ್ಸ್‌ಗಿವಿಂಗ್ ರಜೆ. ಪರೀಕ್ಷೆಗೆ ಹಳೆಯದೊಂದು ಸಂತೋಷದ ಆಟದ ವಿಡಿಯೋ ಆರಿಸಿದೆ: ಸೆಪ್ಟೆಂಬರ್ 24, ಕೊಲೊರಾಡೊ ವಿರುದ್ಧ. ಕ್ಯಾಚರ್ ಕಾಲ್ ರಾಲಿ ಸೀಸನ್ನಿನ 59ನೇ ಮತ್ತು 60ನೇ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ರಾತ್ರಿ. 9-2ರಲ್ಲಿ ಗೆದ್ದು, 2001ರ ನಂತರ ಮೊದಲ ಸಲ ನಮ್ಮ ವಿಭಾಗದ ಪಟ್ಟ ಸಿಕ್ಕಿದ ರಾತ್ರಿಯೂ ಅದೇ. ಈ ಸೀಸನ್ನಿಗೆ ಮೊದಲು ಕ್ಯಾಚರ್ ಒಬ್ಬ ಒಂದು ಸೀಸನ್ನಿನಲ್ಲಿ ಹೊಡೆದ ಅತಿ ಹೆಚ್ಚು ಹೋಮ್ ರನ್ 48. ಆಟವಿಡೀ ಕುಕ್ಕರಗಾಲಿನಲ್ಲಿ ಕೂತು ಏಳುವವನು 60 ಹೊಡೆಯುವುದು ಅಂದರೆ ವಿಕೆಟ್ ಕೀಪರ್ ಒಬ್ಬ ಸೀಸನ್ ಪೂರ್ತಿ ಕೀಪಿಂಗ್ ಮಾಡಿ ಸಿಕ್ಸರ್ ದಾಖಲೆಯನ್ನೂ ಮುರಿದ ಹಾಗೆ.

ಆಟ ಸೊಗಸು, ಶೀಟ್ ಹಾಳು. ಒಂದು, 'ಕ' ಮತ್ತು ತಿರುಗಿದ 'ಕ' ಯಾವುದು ಯಾವುದೋ ಗೊತ್ತಾಗಲಿಲ್ಲ. ಎರಡು, ಹುರುಪಿನಲ್ಲಿ ಕನ್ನಡ ಅಂಕಿ ಬಳಸಿದ್ದೆ. ಅವಸರದಲ್ಲಿ ಗೀಚಿದ ೬ ಮತ್ತು ೯ ಅಣ್ಣತಮ್ಮಂದಿರು. ಶಾರ್ಟ್‌ಸ್ಟಾಪ್ ಹಿಡಿದ ಬಾಲ್ ಆಮೇಲೆ ಓದಿದರೆ ರೈಟ್ ಫೀಲ್ಡಿನಲ್ಲಿತ್ತು. ಮನಸ್ಸಿಲ್ಲದ ಮನಸ್ಸಿನಿಂದ 1, 2, 3ಕ್ಕೆ ವಾಪಸ್. ನಮ್ಮ ಪತ್ರಿಕೆಗಳೂ ಹಾಗೇ ಅಚ್ಚು ಹಾಕುತ್ತವೆ, ಅಲ್ವಾ.

ಡಿಸೆಂಬರ್

ಅಮ್ಮ ಬಂದಳು. ಲಗೇಜಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಶೀಟ್ ಕೆಲಸ ಎರಡು ವಾರ ನಿಂತಿತು.

ಜನವರಿ 4

ಅಮ್ಮ ಟೇಬಲ್ ಮೇಲಿದ್ದ ಹಾಳೆ ಎತ್ತಿ ನೋಡಿ, "ಎಂಥದು ಮಾರಾಯ ಇದು, ಹಸೆ ಚಿತ್ತಾರವಾ?" ಎಂದಳು. ವಿವರಿಸಿದೆ. 'ಕ' ಸಮಸ್ಯೆ ಹೇಳಿದೆ. ಅಮ್ಮ ಹಪ್ಪಳ ಮುರಿಯುತ್ತಾ ಹೇಳಿದ್ದು ಇಷ್ಟು: "ಬೀಸಿ ಔಟಾದವನಿಗೆ 'ಬೀ' ಬರಿ. ಸುಮ್ನೆ ನಿಂತವನಿಗೆ 'ಸು' ಬರಿ."

ಆರು ವಾರ ನನಗೆ ಹೊಳೆಯಲಿಲ್ಲ ನೋಡಿ. ನಾನು 'ಕೆ' ಎಂಬ ಅಕ್ಷರವನ್ನು ಕನ್ನಡಕ್ಕೆ ತರಲು ಒದ್ದಾಡುತ್ತಿದ್ದೆ. ಅಮ್ಮ ಮೈದಾನದಲ್ಲಿ ನಡೆದದ್ದನ್ನು ಕೇಳಿದಳು ಅಷ್ಟೇ.

ಅದೇ ದಾರಿಯಲ್ಲಿ ಉಳಿದವೂ ಬಂದವು. ನಾಲ್ಕು ಬಾಲ್ ಕೆಟ್ಟದಾಗಿ ಹಾಕಿದರೆ ಬ್ಯಾಟರ್ ಮೊದಲ ಬೇಸಿಗೆ ನಡೆದುಕೊಂಡು ಹೋಗುತ್ತಾನೆ. ಅಮ್ಮನ ಮಾತಲ್ಲಿ ಅದು ಬಿಟ್ಟಿ ಬೇಸ್, 'ಬಿ'. ಫೀಲ್ಡರ್ ತಪ್ಪಿಗೆ 'ತ'. ಬೇಸ್ ಕದ್ದರೆ 'ಕ'. ಕೊನೆಗೂ 'ಕ'ಕ್ಕೊಂದು ಕೆಲಸ ಸಿಕ್ಕಿತು. ತಾನು ಔಟಾಗಿ ಬೇರೆಯವನನ್ನು ಮುಂದೆ ದಾಟಿಸುವ ತ್ಯಾಗದ ಹೊಡೆತಕ್ಕೆ 'ತ್ಯಾ'.

ಜನವರಿ 17, 18: ಎರಡನೇ ಪರೀಕ್ಷೆ

ಎರಡು ದಿನ ಹಿಡಿಯಿತು, ಯಾಕೆಂದರೆ ಆಟವೇ ಅಂಥದ್ದು. ಅಕ್ಟೋಬರ್ 10, ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ಐದನೇ ಪಂದ್ಯ. ಸೋತವರು ಮನೆಗೆ. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಾದದ್ದು 15ಕ್ಕೆ ಹೋಯಿತು. ಹೆಚ್ಚುಕಡಿಮೆ ಐದು ಗಂಟೆ. ಆವತ್ತು ಸ್ಟೇಡಿಯಮ್ಮಿನಲ್ಲಿ ನಾನಿರಲಿಲ್ಲ, ಮನೆಯಲ್ಲಿ ಸೋಫಾದ ಹಿಂದೆ ನಿಂತಿದ್ದೆ. ಕೂತರೆ ಸೋಲುತ್ತಾರೆ ಎಂಬ ನಂಬಿಕೆ.

ಡೆಟ್ರಾಯಿಟ್ ಪಿಚರ್ ಟಾರಿಕ್ ಸ್ಕೂಬಲ್ ಆರು ಇನ್ನಿಂಗ್ಸಿನಲ್ಲಿ 13 ಜನರನ್ನು ಸ್ಟ್ರೈಕ್ ಔಟ್ ಮಾಡಿದ. ಅದರಲ್ಲಿ ಏಳು ಸಾಲಾಗಿ, ಒಬ್ಬರಾದ ಮೇಲೆ ಒಬ್ಬರು. ಪೋಸ್ಟ್‌ಸೀಸನ್ನಿನಲ್ಲಿ, ಅಂದರೆ ಸೀಸನ್ ಮುಗಿದ ಮೇಲಿನ ನಾಕೌಟ್ ಪಂದ್ಯಗಳಲ್ಲಿ, ಅದು ದಾಖಲೆ. 'ಬೀ', 'ಸು' ಪರೀಕ್ಷೆಗೆ ಇದಕ್ಕಿಂತ ಬೇರೆ ಆಟ ಬೇಕಾ? ಅಮ್ಮ ಪಕ್ಕದಲ್ಲಿ ಕೂತು ಪ್ರತಿಯೊಬ್ಬ ಔಟಾದಾಗಲೂ "ಬೀ... ಸು..." ಎಂದು ಕೂಗುತ್ತಿದ್ದಳು. ಮಗಳು ಮಹಡಿಯಿಂದ ಇಳಿದು ಬಂದು "ಅಪ್ಪ, ಅಜ್ಜಿಗೆ ಏನಾಯ್ತು?" ಎಂದು ಕೇಳಿದಳು.

ಸಿಕ್ಕಿದ ತಪ್ಪುಗಳು:

'ಬಿ'ಗೂ 'ಬೀ'ಗೂ ಒಂದು ದೀರ್ಘದ ವ್ಯತ್ಯಾಸ. ಅವಸರದಲ್ಲಿ ದೀರ್ಘ ಬಿಟ್ಟರೆ ಔಟಾದವನು ಬೇಸಿನ ಮೇಲೆ ನಿಂತಿರುತ್ತಾನೆ. ಬಿಟ್ಟಿ ಹೋಯಿತು, ಈಗ 'ನ', ನಡೆದ. ಅಮ್ಮನಿಗೆ ಸ್ವಲ್ಪ ಬೇಜಾರು, ಇನ್ನೂ ಬಾಯಲ್ಲಿ ಬಿಟ್ಟಿ ಎಂದೇ ಹೇಳುತ್ತಾಳೆ.

ಬದಲಿ ಆಟಗಾರರಿಗೆ ಜಾಗವೇ ಇಟ್ಟಿರಲಿಲ್ಲ. ಏಳನೇ ಇನ್ನಿಂಗ್ಸಿನಲ್ಲಿ ಬದಲಿಯಾಗಿ ಬಂದು ಆಟ ಸಮ ಮಾಡಿದ ಲಿಯೊ ರೀವಾಸ್ ಹೆಸರನ್ನು ಅಂಚಿನಲ್ಲಿ ತುರುಕಬೇಕಾಯಿತು. ಪಿಚರ್‌ಗಳ ಪಟ್ಟಿಯಂತೂ ಹಾಳೆಯ ಹಿಂಬದಿಗೆ ಹೋಯಿತು. ಲೋಗನ್ ಗಿಲ್ಬರ್ಟ್, ಲೂಯಿಸ್ ಕಸ್ಟೀಯೊ ಇಬ್ಬರೂ ಪಂದ್ಯ ಶುರು ಮಾಡುವ ಪಿಚರ್‌ಗಳು. ಆ ರಾತ್ರಿ ಅವರೂ ಮಧ್ಯದಲ್ಲಿ ಬಂದು ಎಸೆದರು, ಮನೆ ಮಂದಿಯೆಲ್ಲ ಗದ್ದೆಗಿಳಿದ ಹಾಗೆ.

ಇನ್ನಿಂಗ್ಸಿಗೆ 12 ಕಾಲಂ ಇತ್ತು. ಉದಾರವಾಗಿ ಕೊಟ್ಟಿದ್ದೇನೆ ಎಂದುಕೊಂಡಿದ್ದೆ. 13ಕ್ಕೆ ಇನ್ನೊಂದು ಹಾಳೆ ಅಂಟಿಸಿದೆವು. 15ರಲ್ಲಿ ಬೇಸ್ ಮೂರೂ ತುಂಬಿ, ಹೊರ್ಹೆ ಪೊಲಾಂಕೊ ಬಲಕ್ಕೆ ಹೊಡೆದು, ಕ್ರಾಫರ್ಡ್ ಓಡಿ ಬಂದು 3-2. ಗೋಂದು ಇನ್ನೂ ಒಣಗಿರಲಿಲ್ಲ.

ಅಮ್ಮ ಪೊಲಾಂಕೊನನ್ನು ಮೆಚ್ಚಿಕೊಂಡಳು. ಅವನು ಡಿಸೆಂಬರಿನಲ್ಲೇ ನ್ಯೂಯಾರ್ಕ್ ಮೆಟ್ಸ್ ಸೇರಿದ್ದಾನೆ ಎಂದು ಹೇಳಬೇಕಾಯಿತು. "ಅಷ್ಟು ಹೊಡೆದವನನ್ನು ಬಿಟ್ಟುಬಿಟ್ರಾ?" ಇನ್ನೊಬ್ಬ ಬ್ಯಾಟರ್ ಜಾಶ್ ನೇಲರ್‌ನನ್ನು ಐದು ವರ್ಷಕ್ಕೆ ಉಳಿಸಿಕೊಂಡಿದ್ದಾರೆ ಎಂದೆ. ಸಮಾಧಾನ ಆದ ಹಾಗೆ ಕಾಣಲಿಲ್ಲ.

ಫೆಬ್ರವರಿ

ಅರಿಜೋನಾದ ಪಿಯೋರಿಯಾದಲ್ಲಿ ಸ್ಪ್ರಿಂಗ್ ಟ್ರೈನಿಂಗ್, ಸೀಸನ್ನಿಗೆ ಮುಂಚಿನ ಅಭ್ಯಾಸ, ಶುರು. ಬಿಸಿಲಲ್ಲಿ ಪಿಚರ್‌ಗಳು ಬಾಲ್ ಎಸೆಯುವ ವಿಡಿಯೋ ಬಂದ ದಿನ ಇಲ್ಲಿ ಆಫೀಸಿನಲ್ಲಿ ಯಾರೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಳ್ಳೆಯ ಪಿಚ್ ಕ್ಯಾಚರ್‌ನ ಕೈಗವಸಿಗೆ ಬಿದ್ದ ಸದ್ದು, ಅಷ್ಟೇ ಸಾಕು.

ಈ ವರ್ಷ ಹೊಸ ನಿಯಮ ಬಂದಿದೆ, ಅದಕ್ಕೂ ಶೀಟಿನಲ್ಲಿ ಜಾಗ ಬೇಕು. ಅಂಪೈರ್ ಹೇಳಿದ ಬಾಲ್ (ಕೆಟ್ಟ ಎಸೆತ), ಸ್ಟ್ರೈಕ್ ತೀರ್ಪನ್ನು ಇನ್ನು ಮೇಲೆ ಪ್ರಶ್ನಿಸಬಹುದು. ನಮ್ಮ ಡಿಆರ್‌ಎಸ್ ತರಹವೇ. ತಂಡಕ್ಕೆ ಎರಡು ಅವಕಾಶ, ಸರಿಯಾದರೆ ಉಳಿಯುತ್ತದೆ, ತಪ್ಪಾದರೆ ಹೋಯಿತು. ಕೇಳುವ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್ ಮೂವರಿಗೆ ಮಾತ್ರ. ಪೆವಿಲಿಯನ್ ಕಡೆ ನೋಡುವ ಹಾಗಿಲ್ಲ, ತಕ್ಷಣ ತಲೆ ಮುಟ್ಟಬೇಕು. ಸ್ಟ್ರೈಕ್ ವಲಯ, ಅಂದರೆ ಬಾಲ್ ಹಾದು ಹೋದರೆ ಸ್ಟ್ರೈಕ್ ಆಗುವ ಜಾಗ, ಬ್ಯಾಟರ್‌ನ ಎತ್ತರಕ್ಕೆ ತಕ್ಕ ಹಾಗೆ: ಕೆಳ ಗೆರೆ ಎತ್ತರದ 27 ಶೇಕಡಾ, ಮೇಲಿನ ಗೆರೆ 53.5 ಶೇಕಡಾ. ಕುಳ್ಳನಿಗೆ ಸಣ್ಣ ಕಿಟಕಿ, ಉದ್ದನೆಯವನಿಗೆ ದೊಡ್ಡದು. ಕಳೆದ ವರ್ಷದ ಆಲ್‌ಸ್ಟಾರ್ ಪಂದ್ಯದಲ್ಲಿ ಇದನ್ನು ಪ್ರಯೋಗ ಮಾಡಿದಾಗ ಮೊದಲು ತಲೆ ಮುಟ್ಟಿದ್ದು ನಮ್ಮ ರಾಲಿ. ಎಸೆದವನು ಅದೇ ಸ್ಕೂಬಲ್. ತೀರ್ಪು ಬದಲಾಗಿ ಬ್ಯಾಟರ್ ಔಟ್. ಹಾಗಾಗಿ ಈ ನಿಯಮದ ಬಗ್ಗೆ ನನಗೆ ತಕರಾರಿಲ್ಲ.

ಆದರೆ 'ತಕರಾರು' ಎಂದು ಬರೆಯೋಣವೆಂದರೆ 'ತ' ಆಗಲೇ ತಪ್ಪಿಗೆ ಹೋಗಿದೆ. ಮಗಳು ಒಂದು ಟೋಪಿ ಬರೆದಳು. ಅರ್ಧ ವೃತ್ತ, ಮುಂದೊಂದು ಚುಂಚು. ಪುಟದ ಮೇಲೆ ತಂಡಕ್ಕೆ ಎರಡೆರಡು ಟೋಪಿ ಅಚ್ಚು ಹಾಕಿದ್ದೇವೆ. ಅವಕಾಶ ಕಳೆದುಕೊಂಡರೆ ಟೋಪಿಗೆ ಗೀಟು. ಇಡೀ ಶೀಟಿನಲ್ಲಿ ಚೆಂದ ಇರುವುದು ಅದೊಂದೇ.

ಮಾರ್ಚ್ 7: ಮೂರನೇ ಪರೀಕ್ಷೆ

ಬೇಡ ಎಂದಿದ್ದ ಆಟ. ಅಕ್ಟೋಬರ್ 20, ಟೊರಾಂಟೊ, ಏಳನೇ ಪಂದ್ಯ. ಅಮ್ಮನೇ ಕೇಳಿದಳು, "ಗೆದ್ದಿದ್ದು ಮಾತ್ರ ಬರೆಯೋದಾ?"

ಬರೆದೆವು. ಮೂರನೇ ಇನ್ನಿಂಗ್ಸಿನಲ್ಲಿ ನಮ್ಮ ಹೂಲಿಯೊ ರೊಡ್ರೀಗೆಸ್ ಹೋಮ್ ರನ್, ಐದರಲ್ಲಿ ರಾಲಿ ಹೋಮ್ ರನ್. 3-1. ಹಾಳೆ ನೋಡಲಿಕ್ಕೆ ಎಷ್ಟು ಚೆನ್ನಾಗಿತ್ತು! ಏಳನೇ ಇನ್ನಿಂಗ್ಸ್. ಟೊರಾಂಟೊದ ಬಾರ್ಜರ್ 'ನ'. ಮುಂದಿನವನು ಹಿಟ್. ಆಮೇಲೆ ಹೀಮೆನೆಸ್ ಬ್ಯಾಟ್ ಅಡ್ಡ ಹಿಡಿದು ಮೆಲ್ಲಗೆ ತಟ್ಟಿದ. 'ತ್ಯಾ'. ತ್ಯಾಗ ಅವರದು, ನಷ್ಟ ನಮ್ಮದು. ನಾನು ಪೆನ್ಸಿಲ್ ಇಟ್ಟೆ. ಮುಂದಿನ ಚೌಕ ಜಾರ್ಜ್ ಸ್ಪ್ರಿಂಗರ್‌ದು. ಅಮ್ಮ ಪೆನ್ಸಿಲ್ ತೆಗೆದುಕೊಂಡು ನಾಲ್ಕೂ ಗೆರೆ ಎಳೆದು, ಒಳಗೆ ಅಚ್ಚುಕಟ್ಟಾಗಿ ತುಂಬಿಸಿದಳು. ಹಿಂದಿನ ಇಬ್ಬರದನ್ನೂ ತುಂಬಿಸಿದಳು. 4-3. ಅದೇ ಕೊನೆಯ ಲೆಕ್ಕ.

ತಾಂತ್ರಿಕ ಟಿಪ್ಪಣಿ: 'ತ್ಯಾ'ದ ಒತ್ತು ಚೌಕದ ಕೆಳಗೆ ಇಳಿದು ಮುಂದಿನ ಬ್ಯಾಟರ್‌ನ ಚೌಕಕ್ಕೆ ತಾಗುತ್ತದೆ. ಸಾಲಿನ ಎತ್ತರ ಜಾಸ್ತಿ ಮಾಡಿದ್ದೇನೆ. ಹಾಗಾಗಿ ಒಂದು ತಂಡಕ್ಕೆ ಒಂದು ಹಾಳೆ ಪೂರ್ತಿ ಬೇಕು.

ಮಾರ್ಚ್ 15

ಅಮ್ಮ ಊರಿಗೆ ಹೊರಟಳು. ತೋಟದ ಕೆಲಸ, ಇನ್ನು ನಿಲ್ಲುವುದಿಲ್ಲ. ಸೂಟ್‌ಕೇಸಿನಲ್ಲಿ ಸೀರೆಗಳ ಮಧ್ಯೆ ಖಾಲಿ ಶೀಟು 40 ಇಟ್ಟುಕೊಂಡಳು, ಮಡಚಬಾರದೆಂದು ಹಳೆ ಕ್ಯಾಲೆಂಡರಿನ ರಟ್ಟಿನ ಜೊತೆ. ಇಲ್ಲಿ ಸಂಜೆ ಏಳು ಅಂದರೆ ಅಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ದೋಸೆ ಹೊತ್ತು.

ಮಾರ್ಚ್ 24

ಅಂತಿಮ ಶೀಟ್ ಪ್ರಿಂಟ್ ಆಯಿತು. ಇನ್ನಿಂಗ್ಸಿಗೆ ಈಗಲೂ 12 ಕಾಲಂ. 15 ಇಡಲು ಹೋಗಿ ಅಕ್ಷರ ಕಾಣದಾಯಿತು. ಬದಲಿಗೆ ಚೀಲದಲ್ಲಿ ಒಂದು ಗೋಂದಿನ ಕಡ್ಡಿ.

ಟಿಕೆಟ್ ಮೇಲಿನ ಮಹಡಿಯದು, ಸಿಕ್ಕಿದ್ದೇ ಹೆಚ್ಚು. ಹೋಗುವುದು ಹೇಗೆ ಎಂಬುದೇ ತಲೆನೋವು. ನಮ್ಮ ರೆಡ್ಮಂಡ್ ಕಡೆಯಿಂದ ಸರೋವರ ದಾಟಿ ಸಿಯಾಟಲ್‌ಗೆ ರೈಲು ಶುರುವಾಗುವುದು ಮಾರ್ಚ್ 28ಕ್ಕೆ. ಆಟ 26ಕ್ಕೆ. ಮ್ಯಾರಿನರ್ಸ್ ಅಭಿಮಾನಿಯ ಹಣೆಬರಹ ಎಂದರೆ ಇದೇ.

ಅಮ್ಮ ಇವತ್ತು ಫೋನ್ ಮಾಡಿದ್ದಳು. ಪಕ್ಕದ ಮನೆಯವರಿಗೆ ಬರೆಯುವುದು ಹೇಳಿಕೊಟ್ಟಿದ್ದಾಳಂತೆ. ಅವರು ಕೇಳಿದರಂತೆ, ಟಾಸ್ ಎಷ್ಟು ಹೊತ್ತಿಗೆ ಎಂದು.

"ಟಾಸ್ ಇಲ್ಲ, ಬಂದ ನೆಂಟರಿಗೇ ಮೊದಲು ಬ್ಯಾಟಿಂಗ್ ಅಂತ ಹೇಳಿದೆ. ಸರಿ ಅಲ್ವಾ?"

ಸರಿ ಎಂದೆ.

"ಹಾಗಾದ್ರೆ ಕ್ಲೀವ್‌ಲ್ಯಾಂಡ್‌ನವರ ಹಾಳೆ ಮೇಲೆ ಇಟ್ಕೊ. ಪೆನ್ಸಿಲ್ ಎರಡು ತಗೊಂಡು ಹೋಗು."