ನಿಬಾಲಿ ಗೆದ್ದದ್ದು ಬರೀ ನಸೀಬಿನಿಂದಲಾ?

ನನ್ನ ಅಕ್ಕನ ಮಗ ವಿಜಯಪುರದಲ್ಲಿ ಸೈಕಲ್ ರೇಸ್ ಹೊಡೆಯುತ್ತಾನೆ. ಇನ್ನೂ ಜೂನಿಯರ್. ಅವನಿಗೆ ಸ್ಲೊವೇನಿಯಾದ ಸೈಕ್ಲಿಸ್ಟ್ ಪೊಗಾಚಾರ್ ಅಂದರೆ ಪ್ರಾಣ, ನನಗೆ ಇಟಲಿಯ ಹಳೇ ಸೈಕ್ಲಿಸ್ಟ್ ವಿನ್ಚೆಂಜೊ ನಿಬಾಲಿ ಅಂದರೆ ಪ್ರಾಣ. ಜುಲೈ ಬಂದು ಫ್ರಾನ್ಸ್‌ನ ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ಶುರುವಾಯಿತೆಂದರೆ ನಮ್ಮಿಬ್ಬರ ನಡುವೆ ವಾದ ಇದ್ದೇ ಇರುತ್ತದೆ. ಈಚೆಗೆ ಅವನು ಅಂದ ಮಾತು ಇದು: ‘ಮಾಮಾ, ನಿಮ್ಮ ನಿಬಾಲಿ ಮುಂದ ಇದ್ದವರು ಬೀಳತಾರ, ಆಮ್ಯಾಲ ಇಂವ ಗೆಲ್ಲತಾನ. ಇದರಾಗ ತಾಕತ್ತು ಎಲ್ಲೈತಿ?’

ಮಾತು ಚುಚ್ಚಿತು. ಯಾಕಂದರೆ ಮೇಲಿಂದ ನೋಡಿದರೆ ಅದರಲ್ಲಿ ಸುಳ್ಳಿಲ್ಲ. 2010ರ ವುಯೆಲ್ಟಾದಲ್ಲಿ, ಅಂದರೆ ಸ್ಪೇನ್‌ನ ಮೂರು ವಾರದ ರೇಸ್‌ನಲ್ಲಿ, ಒಟ್ಟು ಸಮಯದಲ್ಲಿ ಮುಂದಿರುವವನು ಹಾಕುವ ಕೆಂಪು ಜರ್ಸಿ ಇಗೊರ್ ಆಂಟೊನ್ ಮೈಮೇಲಿತ್ತು. 14ನೇ ಸ್ಟೇಜ್‌ನಲ್ಲಿ (ಒಂದು ದಿನದ ಓಟಕ್ಕೆ ಸ್ಟೇಜ್ ಅನ್ನುತ್ತಾರೆ), ಪೆನ್ಯಾ ಕಬಾರ್ಗಾ ಏರು ಇನ್ನೇನು ಬಂತು ಅನ್ನುವಾಗ ಆಂಟೊನ್ ಬಿದ್ದ, ಮೊಣಕೈ ಮುರಿಯಿತು. ಜರ್ಸಿ ನಿಬಾಲಿಗೆ ಬಂತು, ಕೊನೆಗೆ ವುಯೆಲ್ಟಾನೂ ಅವನದೇ ಆಯಿತು. 2014ರ ಟೂರ್‌ನಲ್ಲಿ ಕ್ರಿಸ್ ಫ್ರೂಮ್ ಬಿದ್ದು ಹೊರಗೆ ಹೋದ, ಆಮೇಲೆ ಆಲ್ಬರ್ಟೊ ಕೊಂಟಾಡೊರ್ ಬಿದ್ದು ಹೊರಗೆ ಹೋದ. ನಿಬಾಲಿ ಗೆದ್ದ. 2016ರ ಜಿರೊದಲ್ಲಿ, ಅಂದರೆ ಇಟಲಿಯ ಮೂರು ವಾರದ ರೇಸ್‌ನಲ್ಲಿ, ಮುಂದಿದ್ದ ಸ್ಟೀವನ್ ಕ್ರೌಸ್‌ವೈಕ್ ಹಿಮದ ಗೋಡೆಗೆ ಹೋಗಿ ಬಡಿದ. ಮತ್ತೆ ನಿಬಾಲಿ ಗೆದ್ದ.

ಇಷ್ಟೇ ಓದಿದರೆ ಯಾರಿಗಾದರೂ ನಸೀಬು ಅಂತಲೇ ಅನಿಸುತ್ತದೆ. ಆದರೆ ಸ್ಟೇಜ್ ರೇಸ್‌ನಲ್ಲಿ ಬೀಳುವುದು ಆಕಾಶದಿಂದ ಸುಮ್ನೆ ಬಂದು ಎರಗುವ ಸಂಗತಿ ಅಲ್ಲ. ಕೆಲವು ಸಲ ಹಾಗೇ ಎರಗುತ್ತದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ಬಹಳ ಸಲ ಮಾತ್ರ ಬೀಳುವುದಕ್ಕೆ ಕಾರಣ ಇರುತ್ತದೆ. ಆ ಕಾರಣಗಳಲ್ಲಿ ಅರ್ಧ, ಯಾರ ಕಾಲಲ್ಲಿ ಎಷ್ಟು ಶಕ್ತಿ ಉಳಿದಿದೆ, ಯಾರು ಗುಂಪಿನಲ್ಲಿ ಎಲ್ಲಿದ್ದಾರೆ ಅನ್ನುವುದೇ.

2014ನ್ನೇ ತಗೊಳ್ಳಿ. 5ನೇ ಸ್ಟೇಜ್ ಬೆಲ್ಜಿಯಂನ ಈಪ್ರ್‌ನಿಂದ ಫ್ರಾನ್ಸ್‌ನ ಆರೆನ್‌ಬರ್ಗ್‌ಗೆ. ಬೆಳಗ್ಗೆಯಿಂದ ಮಳೆ. ದಾರಿಯಲ್ಲಿ ಹಳೇ ಕಲ್ಲುಹಾಸಿನ ತುಂಡುಗಳು. ಮಳೆ ಜಾಸ್ತಿಯಾಗಿ 9 ತುಂಡುಗಳಲ್ಲಿ 2ನ್ನು ಸಂಘಟಕರೇ ತೆಗೆದುಹಾಕಿದರು. ಫ್ರೂಮ್ ಹಿಂದಿನ ದಿನವೇ ಬಿದ್ದು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡಿದ್ದ. ಅಂದು ಮತ್ತೆ ಎರಡು ಸಲ ಬಿದ್ದ. ಕಲ್ಲುಹಾಸು ಶುರುವಾಗುವ ಮೊದಲೇ ಕಾರು ಹತ್ತಿದ. ಎಲ್ಲರ ನೆನಪಿನಲ್ಲಿ ಉಳಿದಿರುವುದು ಇಷ್ಟೇ.

ಆದರೆ ಅದೇ ದಿನ ನಿಬಾಲಿ ಏನು ಮಾಡಿದ? ಪರ್ವತ ಹತ್ತುವವರು ಕಲ್ಲುಹಾಸು ಕಂಡರೆ ಹೆದರುತ್ತಾರೆ. ಮೈ ಹಗುರ, ಸೈಕಲ್ ಕೈಯಲ್ಲಿ ನಿಲ್ಲುವುದಿಲ್ಲ. ನಿಬಾಲಿ ಮಾತ್ರ ತನ್ನ ಅಸ್ತಾನಾ ತಂಡದ ಫುಗ್ಲ್‌ಸಾಂಗ್, ವೆಸ್ಟ್ರಾ ಜೊತೆ ಮುಂದಿನ ಸಾಲಿಗೇ ಅಂಟಿಕೊಂಡ. ಸ್ಟೇಜ್ ಗೆದ್ದ ಲಾರ್ಸ್ ಬೂಮ್ ಕಲ್ಲುಹಾಸಿನಲ್ಲಿ ಪಳಗಿದ ಡಚ್ಚಿಗ. ಅವನಿಗಿಂತ ಬರೀ 19 ಸೆಕೆಂಡ್ ಹಿಂದೆ ನಿಬಾಲಿ ಮುಗಿಸಿದ. ಕೊಂಟಾಡೊರ್ ಅವತ್ತು ಬೀಳಲಿಲ್ಲ, ಆದರೂ ನಿಬಾಲಿಗಿಂತ ಎರಡೂವರೆ ನಿಮಿಷಕ್ಕೂ ಹೆಚ್ಚು ಹಿಂದೆ ಉಳಿದ. ಇದರಲ್ಲಿ ನಸೀಬು ಎಲ್ಲಿದೆ, ಹೇಳಿ?

ಗುಂಪಿನ ಮುಂದೆ ಇರುವುದು ಅಂದರೇನು ಅಂತ ರೇಸ್ ಹೊಡೆದವರಿಗೆ ಗೊತ್ತು. ನಾನೂ ಹುಡುಗನಾಗಿದ್ದಾಗ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಹೊಡೆದಿದ್ದೇನೆ. ನಮ್ಮ ಕಡೆ ರಸ್ತೆ ಬದಿಗೆ ಜಾಲಿ ಮುಳ್ಳು. ಹಿಂದೆ ಉಳಿದವನನ್ನು ಗುಂಪು ಅಂಚಿಗೆ ತಳ್ಳುತ್ತದೆ, ಅಂಚಿನಲ್ಲಿ ಮುಳ್ಳು ಕಾಯುತ್ತಿರುತ್ತದೆ. ಪಂಕ್ಚರ್ ಆದವರೆಲ್ಲ ‘ನಸೀಬು ಖೊಟ್ಟಿ’ ಅನ್ನುತ್ತಿದ್ದರು. ನಮ್ಮ ಕೋಚ್ ಸರ್ ಒಪ್ಪುತ್ತಿರಲಿಲ್ಲ. ‘ಮುಂದ ಯಾಕ ಇರಲಿಲ್ಲ?’ ಅಂತ ಒಂದೇ ಪ್ರಶ್ನೆ. ಮುಂದೆ ಇರಬೇಕೆಂದರೆ ಪ್ರತಿ ತಿರುವಿನ ನಂತರ ಎದ್ದು ತುಳಿಯಬೇಕು, ಗಾಳಿ ತಿನ್ನಬೇಕು, ಮೊಣಕೈಗೆ ಮೊಣಕೈ ಕೊಡಬೇಕು. ಅದಕ್ಕೆ ಕಾಲಲ್ಲಿ ಕಸುವು ಬೇಕು. ಕಸುವು ಇದ್ದವನಿಗೆ ಮುಳ್ಳು ಕಡಿಮೆ, ಇಲ್ಲದವನಿಗೆ ಮುಳ್ಳು ಜಾಸ್ತಿ.

2014ರಲ್ಲಿ ಕೊಂಟಾಡೊರ್ 10ನೇ ಸ್ಟೇಜ್‌ನಲ್ಲಿ ಬಿದ್ದ. ವೋಜ್ ಬೆಟ್ಟಗಳ ಇಳಿಜಾರು, ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಅದನ್ನು ನಾನು ನಸೀಬಿನ ಲೆಕ್ಕಕ್ಕೇ ಬರೆಯುತ್ತೇನೆ. ಅವನಂಥ ಆರೋಹಿ ಇದ್ದಿದ್ದರೆ ಆಲ್ಪ್ಸ್‌ನಲ್ಲಿ ನಿಬಾಲಿಗೆ ಇಷ್ಟು ಸಲೀಸು ಇರುತ್ತಿರಲಿಲ್ಲ. ಆದರೆ ನಿಬಾಲಿ ಆಗಲೇ ಶೆಫೀಲ್ಡ್‌ನಲ್ಲಿ ಒಂದು ಸ್ಟೇಜ್ ಗೆದ್ದು, ಟೂರ್‌ನಲ್ಲಿ ಮುಂದಿರುವವನ ಹಳದಿ ಜರ್ಸಿ ಹಾಕಿದ್ದ. ಕೊಂಟಾಡೊರ್ ಹೋದ ದಿನವೇ ಪ್ಲಾಂಶ್ ದೆ ಬೆಲ್ ಫೀಯ್‌ನಲ್ಲಿ ಇನ್ನೊಂದು. ಆಮೇಲೆ ಶಾಂರೂಸ್, ಆಮೇಲೆ ಓಟಕಾಂ. ಪ್ಯಾರಿಸ್ ಮುಟ್ಟುವಾಗ ಎರಡನೆಯವನಿಗೂ ಅವನಿಗೂ 7 ನಿಮಿಷ 37 ಸೆಕೆಂಡ್ ಅಂತರ. ಇಬ್ಬರು ಬಿದ್ದದ್ದರಿಂದ ಎದುರಾಳಿಗಳು ಕಡಿಮೆಯಾದರು ನಿಜ. ಆ ನಾಲ್ಕು ಸ್ಟೇಜ್‌ಗಳನ್ನು ಯಾರೂ ಅವನ ಕೈಗೆ ತಂದು ಕೊಡಲಿಲ್ಲ.

2016ರ ಜಿರೊ ಕಥೆ ನನಗೆ ಇನ್ನೂ ಇಷ್ಟ. 19ನೇ ಸ್ಟೇಜ್ ಬೆಳಗ್ಗೆ ನಿಬಾಲಿ, ಮುಂದಿರುವವನ ಗುಲಾಬಿ ಜರ್ಸಿ ಹಾಕಿದ್ದ ಕ್ರೌಸ್‌ವೈಕ್‌ಗಿಂತ 4 ನಿಮಿಷ 43 ಸೆಕೆಂಡ್ ಹಿಂದಿದ್ದ. ಪತ್ರಿಕೆಗಳು ಅವನ ಕಥೆ ಮುಗಿಯಿತು ಅನ್ನುತ್ತಿದ್ದವು. ಕ್ರೌಸ್‌ವೈಕ್ ಎರಡನೆಯವನಿಗಿಂತ 3 ನಿಮಿಷ ಮುಂದೆ. ಅಂದಿನ ದಾರಿ ಕೊಲ್ಲೆ ದೆಲ್ಲ್ ಆನ್ಯೆಲ್ಲೊ ಮೇಲೆ ಹೋಗುತ್ತದೆ, ಎತ್ತರ 2744 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಎಂಟುನೂರು ಮೀಟರ್ ಮೇಲೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಏರಿನಲ್ಲೇ ಉಸಿರು ಖಾಲಿ ಮಾಡಿಕೊಂಡವನು ತುದಿ ಮುಟ್ಟಿದ ಮೇಲೂ ಸುಧಾರಿಸಿಕೊಳ್ಳುವುದಿಲ್ಲ. ಕಣ್ಣಿಗೆ ತಿರುವು ಕಾಣುತ್ತದೆ, ಕೈ ಮಾತ್ರ ಹೇಳಿದ ಮಾತನ್ನು ಒಂದು ಕ್ಷಣ ತಡವಾಗಿ ಕೇಳುತ್ತದೆ.

ನಿಬಾಲಿಗೆ ಇದು ಗೊತ್ತಿತ್ತು. ಇಳಿಜಾರಿನಲ್ಲಿ ಅವನಂಥವರು ಆ ಕಾಲದಲ್ಲಿ ಬಹಳ ಜನ ಇರಲಿಲ್ಲ. ಅವನು ಬಿಟ್ಟುಕೊಂಡು ಇಳಿದ. ಎಸ್ಟೆಬಾನ್ ಚಾವೆಸ್ ಅವನ ಜೊತೆ ಹೋದ. ಕ್ರೌಸ್‌ವೈಕ್ ಅವರನ್ನು ಹಿಡಿಯಲು ಹೋಗಿ ಒಂದು ತಿರುವಿನಲ್ಲಿ ನೇರ ಹೋದ, ರಸ್ತೆ ಬದಿಯ ಹಿಮದ ಗೋಡೆಗೆ ಬಡಿದು ಪಲ್ಟಿ ಹೊಡೆದ. ಪಕ್ಕೆಲುಬು ಬಿರುಕು ಬಿಟ್ಟಿತು. ಆದರೂ ಎದ್ದು ಓಡಿಸಿದ, ಕೊನೆಗೆ 4ನೇ ಸ್ಥಾನ ಪಡೆದ. ಅವನ ಮೇಲೆ ನನಗೆ ಅಪಾರ ಗೌರವ. ಆದರೆ ಅವನು ತನ್ನಷ್ಟಕ್ಕೆ ತಾನೇ ಬಿದ್ದ ಅಂದರೆ ನಾನು ಒಪ್ಪುವುದಿಲ್ಲ. ನಿಬಾಲಿ ಒತ್ತಡ ಹಾಕಿದ, ದಣಿದ ಮನುಷ್ಯ ತಪ್ಪಿದ.

ಅಂದು ರಿಸೂಲ್‌ನಲ್ಲಿ ನಿಬಾಲಿ ಸ್ಟೇಜ್ ಗೆದ್ದ. ಆದರೂ ಜರ್ಸಿ ಚಾವೆಸ್ ಪಾಲಾಯಿತು, ನಿಬಾಲಿ 44 ಸೆಕೆಂಡ್ ಹಿಂದೆ. ಮರುದಿನ ಸಾಂತ್ ಆನ್ನಾ ದಿ ವಿನಾದಿಯೊಗೆ ಹೋಗುವ ದಾರಿಯ ಏರಿನಲ್ಲಿ ಯಾರೂ ಬೀಳಲಿಲ್ಲ. ಬರೀ ಕಾಲು, ಬರೀ ಎದೆ. ನಿಬಾಲಿ ಚಾವೆಸ್‌ನನ್ನು ಬಿಟ್ಟು ಹೋದ, 52 ಸೆಕೆಂಡ್‌ಗಳಿಂದ ಜಿರೊ ಗೆದ್ದ. ಗುರಿಯ ಬಳಿ ಚಾವೆಸ್‌ನ ಅಪ್ಪ ಅಮ್ಮನೇ ಬಂದು ನಿಬಾಲಿಯನ್ನು ಅಭಿನಂದಿಸಿದರು. ಮಗ ಸೋತ ಗಳಿಗೆಯಲ್ಲಿ! ಆ ದೃಶ್ಯ ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಅದೇ ವರ್ಷ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್. ಒಂದೇ ದಿನದ ರೇಸ್. ವಿಸ್ತಾ ಶಿನೇಸಾ ಇಳಿಜಾರಿನಲ್ಲಿ ನಿಬಾಲಿ ಮುಂದಿದ್ದ, ಪದಕ ಕಣ್ಣೆದುರಿಗೇ ಇತ್ತು. ಬಿದ್ದ, ಕಾಲರ್ ಬೋನ್ ಮುರಿಯಿತು. ಮೇ ತಿಂಗಳಲ್ಲಿ ಯಾವ ಧೈರ್ಯ ಜಿರೊ ಕೊಟ್ಟಿತೋ ಆಗಸ್ಟ್‌ನಲ್ಲಿ ಅದೇ ಧೈರ್ಯ ಪದಕ ಕಿತ್ತುಕೊಂಡಿತು. ಒಂದು ದಿನದ ರೇಸ್‌ನಲ್ಲಿ ಮರುದಿನ ಅನ್ನುವುದೇ ಇಲ್ಲ. ಮೂರು ವಾರದ ರೇಸ್‌ನಲ್ಲಿ 21 ಸ್ಟೇಜ್ ಇರುತ್ತವೆ. ಒಂದು ದಿನ ಪಂಕ್ಚರ್ ಆಗಿ ಕಳೆದುಕೊಂಡ ಅರ್ಧ ನಿಮಿಷವನ್ನು ಇನ್ನೊಂದು ದಿನ ವಾಪಸ್ ತರಬಹುದು. ಪೊಗಾಚಾರ್ 2020ರಲ್ಲಿ ಮಾಡಿದ್ದು ಅದನ್ನೇ. ಲಾವೋರ್‌ಗೆ ಹೋಗುವ ದಾರಿಯಲ್ಲಿ ಅಡ್ಡಗಾಳಿಗೆ ಗುಂಪು ಒಡೆದು 1 ನಿಮಿಷ 21 ಸೆಕೆಂಡ್ ಕಳೆದುಕೊಂಡ, ಕೊನೆಗೆ 59 ಸೆಕೆಂಡ್‌ಗಳಿಂದ ಟೂರ್ ಗೆದ್ದ. ನಿಯಮಗಳೂ ನಸೀಬಿನ ಪಾಲು ಕಡಿಮೆ ಮಾಡುತ್ತವೆ. ಸಮತಟ್ಟಾದ ಸ್ಟೇಜ್‌ಗಳಲ್ಲಿ ಸಾಮಾನ್ಯವಾಗಿ ಕೊನೆಯ 3 ಕಿಲೋಮೀಟರ್‌ನಲ್ಲಿ ಬಿದ್ದರೆ ಜೊತೆಗಿದ್ದ ಗುಂಪಿನ ಸಮಯವನ್ನೇ ಕೊಡುತ್ತಾರೆ.

ಇಷ್ಟೆಲ್ಲ ಹೇಳಿದರೂ ಪೂರ್ತಿ ನಸೀಬಿನದೇ ಆದ ಒಂದು ಪಾಲು ಉಳಿಯುತ್ತದೆ. 2010ರ ಟೂರ್‌ನಲ್ಲಿ ಪೋರ್ಟ್ ದೆ ಬಾಲೆಸ್ ಏರಿನ ಮೇಲೆ ಆಂಡಿ ಶ್ಲೆಕ್ ದಾಳಿ ಮಾಡಿದ ಕ್ಷಣದಲ್ಲೇ ಚೈನ್ ಜಾರಿತು. ಅಂದು ಕೊಂಟಾಡೊರ್‌ಗೆ ಸಿಕ್ಕಿದ್ದು 39 ಸೆಕೆಂಡ್. ಪ್ಯಾರಿಸ್‌ನಲ್ಲಿ ಅವರಿಬ್ಬರ ನಡುವಿನ ಅಂತರವೂ 39 ಸೆಕೆಂಡ್! ಆಮೇಲೆ ಡೋಪಿಂಗ್ ಪ್ರಕರಣದಲ್ಲಿ ಕೊಂಟಾಡೊರ್ ಆ ಗೆಲುವನ್ನು ಕಳೆದುಕೊಂಡ, ಅದು ಬೇರೆ ಮಾತು. ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಜಾರುವುದುಂಟು ಅಂತ ವಾದ ಮಾಡಬಹುದು. ಆದರೆ ಅದೇ ಶ್ಲೆಕ್ ಸಾವಿರ ಸಲ ಹಾಗೆ ಬದಲಿಸಿರುತ್ತಾನೆ.

2018ರ ಟೂರ್ ಮಾತ್ರ ನನಗೆ ಇವತ್ತಿಗೂ ನೋವು. ಆಲ್ಪ್ ದುಯೆಜ್ ಏರು, 12ನೇ ಸ್ಟೇಜ್. ಜನ ರಸ್ತೆ ಮೇಲೇ ನಿಂತಿದ್ದರು, ಬಣ್ಣದ ಹೊಗೆ, ಮುಂದೆ ಪೊಲೀಸ್ ಬೈಕು. ಯಾರೋ ಪ್ರೇಕ್ಷಕನ ಕ್ಯಾಮೆರಾ ಪಟ್ಟಿ ನಿಬಾಲಿಯ ಹ್ಯಾಂಡಲ್‌ಗೆ ಸಿಕ್ಕಿಕೊಂಡಿತು. ಬಿದ್ದ. ಬೆನ್ನುಮೂಳೆಯಲ್ಲಿ ಒಂದು ಮುರಿದಿತ್ತು. ಹಾಗೇ ಎದ್ದು ಏರಿದ, ಗೆದ್ದ ಗೆರೇಂಟ್ ಥಾಮಸ್‌ಗಿಂತ ಬರೀ 13 ಸೆಕೆಂಡ್ ಹಿಂದೆ ಮುಗಿಸಿದ! ಒಟ್ಟು ಲೆಕ್ಕದಲ್ಲಿ 4ನೇ ಸ್ಥಾನದಲ್ಲಿದ್ದ. ರಾತ್ರಿ ಆಸ್ಪತ್ರೆಯ ವರದಿ ಬಂತು, ಟೂರ್ ಬಿಡಬೇಕಾಯಿತು. ಇಲ್ಲಿ ಅವನು ಮುಂದೆ ಇರಲಿಲ್ಲ ಅನ್ನುವ ಹಾಗಿಲ್ಲ, ದಣಿದಿದ್ದ ಅನ್ನುವ ಹಾಗೂ ಇಲ್ಲ.

‘ಬೀಳದೇ ಇದ್ದಿದ್ದರ ಆ ಟೂರ್ ಗೆಲ್ಲತಿದ್ದನೇನ್ ಮಾಮಾ?’ ಅಂತ ಕೇಳಿದ ಹುಡುಗ. ಇಲ್ಲ ಅಂದೆ. ಆ ವರ್ಷ ಥಾಮಸ್ ಬಹಳ ಗಟ್ಟಿಯಾಗಿದ್ದ, ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಕೊನೆಯ ಟೈಮ್ ಟ್ರಯಲ್‌ನಲ್ಲಿ, ಎರಡನೇ ಸ್ಥಾನ ಪಡೆದ ಡುಮೂಲಾಂಗೆ ನಿಬಾಲಿ ಸಮ ಆಗುತ್ತಿರಲಿಲ್ಲ. ಆದರೆ ಫ್ರೂಮ್ ಜೊತೆ ಮೂರನೇ ಸ್ಥಾನಕ್ಕೆ ಗುದ್ದಾಡುತ್ತಿದ್ದ, ನನ್ನ ಪ್ರಕಾರ ಪಡೆಯುತ್ತಲೂ ಇದ್ದ. ಅದನ್ನು ಕಿತ್ತುಕೊಂಡದ್ದು ಒಂದು ಪಟ್ಟಿ.